ಕಲ್ಲಿನಲ್ಲಿ ಆಕಾಶ ಓದಿದ ವಿಜ್ಞಾನಿ

ಕಿಬ್ಬನಹಳ್ಳಿ ಸೀಮೆಯ ತೆಂಗಿನ ತೋಟಗಳ ನಡುವಣ ಹಳೆಯ ಶಾಸನಗಳು ಇತಿಹಾಸಕಾರರ ಸ್ವತ್ತು ಮಾತ್ರ ಎಂದುಕೊಂಡವರೇ ಹೆಚ್ಚು. ಈ ಎಣಿಕೆಯನ್ನು ಅಲುಗಿಸಿದವರು ಖಗೋಳವಿಜ್ಞಾನಿ ಡಾ. ಬಿ.ಎಸ್. ಶೈಲಜಾ. ವುಲ್ಫ್–ರಾಯೆ ನಕ್ಷತ್ರಗಳ ಬಗ್ಗೆ ಸಂಶೋಧನೆ ನಡೆಸಿ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ನಿರ್ದೇಶಕಿಯೂ ಆಗಿದ್ದ ಅವರು, ಗ್ರಹಣಗಳ ಉಲ್ಲೇಖಕ್ಕಾಗಿ ಶಾಸನ ಸಂಪುಟಗಳನ್ನು ಜಾಲಾಡಿದರು. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದಾಗಿ ದಾನಶಾಸನಗಳಲ್ಲಿ ಶಕವರ್ಷ, ತಿಥಿ, ವಾರಗಳೊಡನೆ ಗ್ರಹಣವೂ ದಾಖಲಾಗಿದೆ. ನಂಬಿಕೆ ಹೀಗೆ ವಿಜ್ಞಾನಕ್ಕೆ ಒದಗಿಬಂದದ್ದು ಸ್ವಾರಸ್ಯವೇ ಸರಿ! ಇಂದಿನ ಗಣಿತದಿಂದ ಆ ಗ್ರಹಣವನ್ನು ಲೆಕ್ಕಹಾಕಿ ಶಾಸನದ ತೇದಿಯನ್ನು ಒರೆಗೆ ಹಚ್ಚಬಹುದು.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟದಲ್ಲಿ ಪ್ರಕಟಿಸಿದ್ದರು. ಅಚ್ಚಾದ ಮೇಲೆ ಕಲ್ಲೇಕೆ ಎನ್ನುವವರುಂಟು. ತಿಥಿಯ ಒಂದಕ್ಷರ ಅನುಮಾನಕ್ಕೆಡೆಯಾದರೂ ಮತ್ತೆ ಕಣ್ಣಾರೆ ಕಂಡು ಓದಬೇಕಾದದ್ದು ಆ ಕಲ್ಲನ್ನೇ. ಬಟ್ಟೆ ಒಗೆಯುವ ಬಂಡೆಯಾಗಿ ಅದು ಸವೆದಿದ್ದರೆ ಓದುವುದೇನನ್ನು?