ಇಪ್ಪತ್ತು ಕಿಲೋಮೀಟರ್ ಆಳದಲ್ಲಿ ಬೆಂದ ಕಲ್ಲು

ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ದರ್ಶನಕ್ಕೆ ಹೋದವರೆಲ್ಲ ಕಬ್ಬಾಳದುರ್ಗದ ಬೋಳುಬಂಡೆಯನ್ನು ನೋಡಿಯೇ ಇರುತ್ತಾರೆ. ಆ ಸುತ್ತಿನ ಕಲ್ಲುಗಣಿಯಲ್ಲಿ ಇಂದು ಬಿಸಿಲಿಗೆ ಮೈಯೊಡ್ಡಿರುವ ಕಲ್ಲು ಒಂದು ಕಾಲಕ್ಕೆ ನೆಲದಿಂದ ಸುಮಾರು 20 ಕಿಲೋಮೀಟರ್ ಆಳದಲ್ಲಿತ್ತು.

20 ಕಿಲೋಮೀಟರ್ ಎಂದರೆ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ. ನೆಲದೊಳಕ್ಕೆ ಇಳಿಯಲು ಹೊರಟರೆ ಲೆಕ್ಕವೇ ಬೇರೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಇಳಿದದ್ದು 3.2 ಕಿಲೋಮೀಟರ್, ಅಷ್ಟಕ್ಕೇ ತಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ರಷ್ಯಾದ ಕೋಲಾದಲ್ಲಿ 1970ರಿಂದ ಸುಮಾರು ಎರಡು ದಶಕ ಕೊರೆದು ಮುಟ್ಟಿದ ಆಳ 12,262 ಮೀಟರ್. ತಳದಲ್ಲಿ 180 ಡಿಗ್ರಿ ಬಿಸಿ. ಮುಂದೆ ಕೊರೆಯಲಾಗದೆ ಕೈಬಿಟ್ಟರು. ಭೂಮಿಯೊಳಕ್ಕೆ ಮನುಷ್ಯನ ಕೈ ಹೋಗಿರುವುದು ಇಷ್ಟೇ ದೂರ.

ಕಬ್ಬಾಳದ ಕಲ್ಲು ಬೆಂದದ್ದು 700ರಿಂದ 750 ಡಿಗ್ರಿ ಬಿಸಿಯಲ್ಲಿ, ನಮ್ಮ ಮೇಲಿರುವ ಗಾಳಿಯ ಒತ್ತಡದ 5,000 ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ. ಅಂದರೆ ಒಂದೊಂದು ಚದರ ಸೆಂಟಿಮೀಟರ್ ಮೇಲೂ 5 ಟನ್ ಭಾರ. ಇದು ಊಹೆಯಲ್ಲ. ಆ ಸೀಮೆಯ ಕಲ್ಲುಗಳಲ್ಲಿ ಗಾರ್ನೆಟ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳು ಕಬ್ಬಿಣವನ್ನೂ ಮೆಗ್ನೀಸಿಯಂ ಅನ್ನೂ ಯಾವ ಪ್ರಮಾಣದಲ್ಲಿ ಹಂಚಿಕೊಂಡಿವೆ ಎಂದು ಅಳೆದರೆ, ಅವು ಹುಟ್ಟಿದಾಗ ಇದ್ದ ಬಿಸಿ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಬೇರೆಯೇ ಇದೆ. ಇಷ್ಟೆಲ್ಲ ಆದರೂ ಈ ಬಂಡೆ ಕರಗಿ ಹರಿದುಹೋಗಲಿಲ್ಲ. ಬಹುಪಾಲು ಗಟ್ಟಿಯಾಗಿ ಇದ್ದುಕೊಂಡೇ ಒಳಗೊಳಗೆ ಬೇರೆ ಕಲ್ಲಾಯಿತು. ರೂಪಾಂತರ ಶಿಲೆ ಎಂದರೆ ಇದೇ. ಹತ್ತಿರ ಹೋಗಿ ನೋಡಿ: ಬೂದುಬಣ್ಣದ ನೈಸ್ ಬಂಡೆಯಲ್ಲಿ ಬಿಳಿ ಪಟ್ಟಿ, ಕಪ್ಪು ಪಟ್ಟಿ ಒಂದರ ಪಕ್ಕ ಒಂದು ಓಡುತ್ತವೆ. ನಡುವೆ ಅಲ್ಲಲ್ಲಿ ಎಣ್ಣೆ ಸವರಿದಂತೆ ಮಿನುಗುವ ಕಪ್ಪುಹಸಿರು ಮಚ್ಚೆಗಳು. ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಸಾಗಿದರೆ, ಅದು ಮಚ್ಚೆಯೊಳಗೆ ಹೊಕ್ಕು ಮೆಲ್ಲಗೆ ಮಸುಕಾಗಿ ಮಾಯವಾಗುತ್ತದೆ. ಅಂಚಿನಲ್ಲಿ ಬಿರುಕಿಲ್ಲ, ಬೆಸುಗೆಯಿಲ್ಲ. ಮಚ್ಚೆಯ ಕಲ್ಲಿನ ಹೆಸರು ಚಾರ್ನೊಕೈಟ್. ಒಂದು ಕಲ್ಲು ಇನ್ನೊಂದಾಗುತ್ತ ಅರ್ಧದಲ್ಲೇ ನಿಂತುಬಿಟ್ಟಿರುವ ಈ ನೋಟವನ್ನು ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದರು.

ನೈಸ್‌ನ ಕಪ್ಪು ಖನಿಜಗಳ ಹರಳಿನೊಳಗೆ ನೀರಿನ ಅಂಶ ಸೇರಿಕೊಂಡಿರುತ್ತದೆ. ನೀರು ಸಾಕಷ್ಟಿದ್ದರೆ ಇಂಥ ಕಲ್ಲು 700 ಡಿಗ್ರಿಯೊಳಗೇ ಕರಗತೊಡಗುತ್ತದೆ. ಆದರೆ ಆಳದಿಂದ ಸಂದುಗಳಲ್ಲಿ ನುಸುಳಿ ಬಂದ ಇಂಗಾಲದ ಡೈಆಕ್ಸೈಡ್ ಆ ನೀರನ್ನು ಹೊರದೂಡಿತು ಎಂಬ ವಿವರಣೆಯನ್ನು ಭೂವಿಜ್ಞಾನಿಗಳಾದ ಜನಾರ್ದನ್, ನ್ಯೂಟನ್ ಮತ್ತು ಹ್ಯಾನ್ಸನ್ 1982ರಲ್ಲಿ ಮುಂದಿಟ್ಟರು. ಕಲ್ಲು ಒಣಗಿತು, ಒಣಗಿದ್ದರಿಂದ ಕರಗದೆ ಉಳಿಯಿತು, ಹಳೆಯ ಖನಿಜಗಳ ಜಾಗದಲ್ಲಿ ನೀರಿಲ್ಲದ ಪೈರಾಕ್ಸೀನ್ ಬೆಳೆಯಿತು. ಆ ಅನಿಲದ ಗುಳ್ಳೆಗಳು ಹರಳುಗಳೊಳಗೆ ಈಗಲೂ ಸಿಕ್ಕಿಕೊಂಡಿವೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ.

ಇದೆಲ್ಲ ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಆಮೇಲೆ ನೆಲ ಮೇಲೇಳುತ್ತ, ಮಳೆ, ಗಾಳಿ, ನದಿಗಳು ಮೇಲಿನದನ್ನು ಸವೆಸುತ್ತ ಬಂದು ಈ ಕಲ್ಲು ಹೊರಬಿದ್ದಿದೆ. 20 ಕಿಲೋಮೀಟರನ್ನು 250 ಕೋಟಿ ವರ್ಷಗಳಿಗೆ ಹಂಚಿ ನೋಡಿದರೆ ವರ್ಷಕ್ಕೆ ಸಿಗುವ ಸರಾಸರಿ ಸವೆತ 0.008 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪದ ಸುಮಾರು ಹತ್ತನೇ ಒಂದು ಪಾಲು. ನಿಜದಲ್ಲಿ ಸವೆತ ಒಂದೇ ಸಮನೆ ನಡೆದಿರುವುದಿಲ್ಲ. ಕೆಲವು ಯುಗಗಳಲ್ಲಿ ಬಿರುಸು, ಕೆಲವು ಯುಗಗಳಲ್ಲಿ ಬಹುತೇಕ ಸ್ತಬ್ಧ.

ಉತ್ತರದ ಚಿತ್ರದುರ್ಗದಿಂದ ದಕ್ಷಿಣದ ಬಿಳಿಗಿರಿರಂಗನ ಬೆಟ್ಟದತ್ತ ಬರುತ್ತಿದ್ದಂತೆ ಹೆಚ್ಚು ಹೆಚ್ಚು ಆಳದಲ್ಲಿ ಬೆಂದ ಕಲ್ಲು ಕಾಲಡಿಗೆ ಬರುತ್ತದೆ. ಇಡೀ ನಾಡೇ ದಕ್ಷಿಣದ ಕಡೆ ಹೆಚ್ಚು ಮೇಲೆದ್ದು, ಹೆಚ್ಚು ಸವೆದಿದೆ. ಮೇಲಿನ ಅಷ್ಟೂ ಕಲ್ಲು ಹೋದ ಮೇಲೂ ದಕ್ಷಿಣ ಕರ್ನಾಟಕದ ಕೆಳಗೆ ಇನ್ನೂ 35 ಕಿಲೋಮೀಟರಿಗಿಂತ ದಪ್ಪನೆಯ ಭೂಚಿಪ್ಪು ಉಳಿದಿದೆ.