ಸೌತೆ, ಚೀನಿಕಾಯಿ ಸೇರಿದ ಮನೆ ಸಾಬೂನು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮಂಥ ಬೆಟ್ಟು ಜಾಗದವರಿಗೆ ಮಳೆ ನಂಬಿ ಬೆಳೆಸುವ ತರಕಾರಿಯೇ ಕೈಕಾಸು. ಮುಳ್ಳುಸೌತೆ ಬಂದರೆ ಎಲ್ಲರಲ್ಲೂ ಒಟ್ಟಿಗೇ ಬರ್ತದೆ. ನೇರ ಇದ್ದದ್ದು ಪೇಟೆಗೆ. ಡೊಂಕಾದ್ದು, ಬಲಿತದ್ದು ದನಕ್ಕೆ. ಈ ಉಳಿಕೆಯನ್ನು ಸಾಬೂನಿಗೆ ಹಾಕಬಹುದಲ್ಲ ಅಂತ ಈಗ ಸುಮಾರು ಮನೆಗಳಲ್ಲಿ ಕೇಳುತ್ತಾರೆ. ಹಾಕಬಹುದು. ಆದರೆ ಸಾಬೂನು ಆಗುವುದು ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ, ತರಕಾರಿಯಿಂದ ಅಲ್ಲ. ತರಕಾರಿ ಬರುವುದು ನೀರಿನ ಲೆಕ್ಕದಲ್ಲಿ. ಇಷ್ಟು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ತೂಕ ಹೀಗೆ

ತೆಂಗಿನೆಣ್ಣೆ 1 ಕಿಲೋ, ಕಾಸ್ಟಿಕ್ ಸೋಡಾ 165 ಗ್ರಾಂ, ನೀರು 200 ಗ್ರಾಂ, ತರಕಾರಿ ರಸ ಅಥವಾ ನುಣ್ಣಗೆ ಅರೆದದ್ದು 130 ಗ್ರಾಂ. 1 ಕಿಲೋ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ನಾವು ಕಡಿಮೆ ಹಾಕುವುದು ಸ್ವಲ್ಪ ಎಣ್ಣೆ ಉಳಿದು ಚರ್ಮ ಒಣಗದಿರಲಿ ಅಂತ. ಲೋಟ, ಚಮಚದ ಅಂದಾಜು ಇಲ್ಲಿ ನಡೆಯದು. ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಬೇರೆ ಎಣ್ಣೆಯಾದರೆ ಸೋಡಾದ ಲೆಕ್ಕವೂ ಬೇರೆ. ಅಡುಗೆ ಸೋಡಾ, ಬಟ್ಟೆ ಸೋಡಾ ಇದಕ್ಕೆ ಆಗುವುದಿಲ್ಲ.

ಮಾಡುವ ಕ್ರಮ

ಗಾಳಿಯಾಡುವ ಜಾಗದಲ್ಲಿ ಕೂತುಕೊಳ್ಳಿ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರಬಾರದು. ಕೈಗೆ ರಬ್ಬರ್ ಗವುಸು, ಕಣ್ಣಿಗೆ ಕನ್ನಡಕ ಇರಲಿ. ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಮನ್ನು ಸೋಡಾ ತಿನ್ನುತ್ತದೆ. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸೋಡಾದ ಮೇಲೆ ನೀರು ಹೊಯ್ದರೆ ಕುದಿದು ಸಿಡಿಯುತ್ತದೆ. ನೀರು ಬಹಳ ಬಿಸಿಯಾಗ್ತದೆ, ಹೊಗೆ ಮೂಗಿಗೆ ಹೋಗದ ಹಾಗೆ ನಿಲ್ಲಿ.

ಸೋಡಾನೀರು ಆರಿದ ಮೇಲೆ ಎಣ್ಣೆಗೆ ಹೊಯ್ದು ಕದಡಿ. ತರಕಾರಿಯನ್ನು ಸೋಡಾನೀರಿಗೆ ಸೇರಿಸಬೇಡಿ. ಮೊದಲೇ ಎಣ್ಣೆಯಲ್ಲಿ ಬೆರೆಸಿಟ್ಟುಕೊಳ್ಳಿ. ಪಾಯಸದ ಹದ ಬಂದಾಗ ಅಚ್ಚಿಗೆ ಹೊಯ್ಯಿರಿ. ತೆಂಗಿನೆಣ್ಣೆ ಸಾಬೂನು ಬೇಗ ಗಟ್ಟಿಯಾಗ್ತದೆ. ನಾಲ್ಕೈದು ಗಂಟೆಯಿಂದಲೇ ನೋಡುತ್ತಾ ಇದ್ದು, ಅದೇ ದಿನ ಗವುಸು ಹಾಕಿ ತುಂಡು ಮಾಡಿ. ಮರುದಿನಕ್ಕೆ ಬಿಟ್ಟರೆ ಒಡೆಯುತ್ತದೆ. ಒಣಗಿದ ಮೇಲೆ 100 ಗ್ರಾಮಿನ 13 ತುಂಡು ಸಿಗಬಹುದು.

ಸೋಡಾ ಮೈಗೆ ಸಿಡಿದರೆ ಹರಿಯುವ ನೀರಿನಲ್ಲಿ ತುಂಬ ಹೊತ್ತು ತೊಳೆಯಿರಿ. ಕಣ್ಣಿಗಾದರೆ ತೊಳೆದು ಕೂಡಲೇ ಡಾಕ್ಟರರ ಹತ್ತಿರ ಹೋಗಿ. ಲಿಂಬೆ, ವಿನೆಗರ್ ಹಚ್ಚಬೇಡಿ.

ಯಾವ ತರಕಾರಿ?

ಚೀನಿಕಾಯಿ (ಸಿಹಿಗುಂಬಳ) ಎಲ್ಲಕ್ಕಿಂತ ಒಳ್ಳೆಯದು. ಬೇಯಿಸಿ ನುಣ್ಣಗೆ ಅರೆದರೆ ಹಳದಿ ಬಣ್ಣ ನಿಲ್ಲುತ್ತದೆ. ಸಿಹಿ ಇರುವುದರಿಂದ ಅಚ್ಚಿನಲ್ಲಿ ಬಿಸಿ ಹೆಚ್ಚು, ಗೋಣಿ ಮುಚ್ಚಬೇಡಿ. ಕ್ಯಾರೆಟ್ಟಿನ ಬಣ್ಣವೂ ಉಳಿಯುತ್ತದೆ. ಸೌತೆ, ಮುಳ್ಳುಸೌತೆ ಅರೆದು ಬಟ್ಟೆಯಲ್ಲಿ ಸೋಸಿ, ಬಣ್ಣ ನಿರೀಕ್ಷಿಸಬೇಡಿ. ಬೀಟ್ರೂಟಿನ ಕೆಂಪು ಸೋಡಾಕ್ಕೆ ಸಿಕ್ಕಿದೊಡನೆ ಕಂದಾಗುತ್ತದೆ. ಬಸಳೆ ಹಣ್ಣಿನ ನೇರಳೆಯೂ ನಿಲ್ಲದು. ಸೊಪ್ಪಿನ ಹಸಿರು ಬೆಳಕಿಗೆ ಮಾಸುತ್ತದೆ. ಕೆಸು, ಸುವರ್ಣಗೆಡ್ಡೆ ತುರಿಸುವಂಥವು, ಬೇಡ. ಯಾವುದೇ ಆಗಲಿ, ತುಂಡು ಉಳಿದರೆ ಅಲ್ಲಿಂದಲೇ ಸಾಬೂನು ಹಾಳಾಗುತ್ತದೆ.

ಕಾಲ ನೋಡಿ ಮಾಡಿ

ಸಾಬೂನು 4ರಿಂದ 6 ವಾರ ನೆರಳಿನಲ್ಲಿ ಗಾಳಿಗೆ ಒಣಗಬೇಕು. ನಮ್ಮ ಆಷಾಢದ ಮಳೆಯಲ್ಲಿ ಒಣಗುವುದೆಲ್ಲಿಂದ ಬಂತು, ಬೆವರುತ್ತದೆ. ಮುಳ್ಳುಸೌತೆ ಸಿಗುವುದು ಆಗಲೇ, ಅದೇ ತೊಡಕು. ಆದರೆ ಅಟ್ಟದಲ್ಲಿಟ್ಟ ಚೀನಿಕಾಯಿ, ಬಾಳೆನಾರಿನಲ್ಲಿ ತೂಗುಹಾಕಿದ ಸೌತೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಇವನ್ನು ನಂಬಿ ಜನವರಿಯಿಂದ ಏಪ್ರಿಲ್ ಒಳಗೆ ಮಾಡುವುದು ಬುದ್ಧಿವಂತಿಕೆ. ಬಳಸುವ ಮೊದಲು ತುಂಡು ಮಾಡಿ ನೋಡಿ. ಒಳಗೆ ಬಿಳಿ ಹರಳು ಇದ್ದರೆ, ಎಣ್ಣೆ ಬೇರೆಯಾಗಿದ್ದರೆ ಮೈಗೆ ಹಚ್ಚಬೇಡಿ.

ಲಾಭ ಉಂಟೋ?

ಚರ್ಮ ಬೆಳ್ಳಗಾಗ್ತದೆ, ಕಲೆ ಹೋಗ್ತದೆ ಅಂತ ಹೇಳುವವರನ್ನು ನಂಬಬೇಡಿ. ತರಕಾರಿಯ ಸತ್ವ ಸುಮಾರೆಲ್ಲ ಸೋಡಾಕ್ಕೇ ಹೋಗುತ್ತದೆ, ಉಳಿದದ್ದು ನೀರಿನೊಟ್ಟಿಗೆ ಹರಿದು ಹೋಗುತ್ತದೆ. 2025ರಲ್ಲಿ ತೆಂಗಿನೆಣ್ಣೆಯ ಕ್ರಯ ಹೇಗೆ ಏರಿತು ಅಂತ ನಮಗೆ ಗೊತ್ತೇ ಉಂಟು. ಎಣ್ಣೆ ಕ್ರಯಕ್ಕೆ ತಂದು ಮಾಡಿದರೆ ಅಂಗಡಿಯ ಅಗ್ಗದ ಸಾಬೂನೇ ಲಾಭ. ಮನೆಯಲ್ಲೇ ಒಡಕು ಕೊಬ್ಬರಿ ಇದ್ದು, ಅದನ್ನು ಗಾಣಕ್ಕೆ ಕೊಡುವವರಿಗೆ ಮಾತ್ರ ಲೆಕ್ಕ ಸರಿಹೊಂದಬಹುದು. ಒಂದು ಪಾಕದ ಖರ್ಚು ಬರೆದು 13ರಿಂದ ಭಾಗಿಸಿ ನೋಡಿ.

ನೆರೆಕರೆಗೆ, ನೆಂಟರಿಗೆ ಕೊಡುವುದು ಬೇರೆ, ಮಾರುವುದು ಬೇರೆ. ಮೈಸಾಬೂನು ತಯಾರಿಸಿ ಮಾರಲು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಬೇಕು. ಮುಂದುವರಿಯುವ ಮನಸ್ಸಿದ್ದ ಹೆಣ್ಣುಮಕ್ಕಳು, ಯುವಕರು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಸ್ವ-ಉದ್ಯೋಗ ತರಬೇತಿಯ ಕಡೆ ಮೊದಲು ವಿಚಾರಿಸಲಿ. ಅಚ್ಚು, ಲೇಬಲಿಗೆ ದುಡ್ಡು ಹಾಕುವುದು ಆಮೇಲೆ. ಅಲ್ಲಿವರೆಗೆ ವರ್ಷಕ್ಕೆ ಎರಡು ಪಾಕ ಮಾಡಿಕೊಂಡರೆ ಬಚ್ಚಲಿಗೆ ಸಾಕು.