ಅದಿರು ಒಂದೇ, ಲೆಕ್ಕದ ಸಾಲು ಬೇರೆ

ಎಂ.ಕಾಂ. ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಎರಡು ಉಕ್ಕಿನ ಕಂಪನಿಗಳನ್ನು. ಒಂದು ಟಾಟಾ ಸ್ಟೀಲ್, ಇನ್ನೊಂದು ನಮ್ಮ ತೋರಣಗಲ್ಲಿನಲ್ಲೂ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು. ನೂರು ರೂಪಾಯಿಯ ಮಾರಾಟಕ್ಕೆ ಉತ್ಪಾದನೆಯ ಖರ್ಚೆಷ್ಟು, ವರ್ಷದಿಂದ ವರ್ಷಕ್ಕೆ ಅದು ಏರಿತೋ ಇಳಿಯಿತೋ? ಇಷ್ಟೇ ಪ್ರಶ್ನೆ.

ಅಮೆರಿಕದ ಕಂಪನಿಗಳ ವರದಿಯಲ್ಲಿ ಇದಕ್ಕೆಂದೇ ಒಂದು ಸಾಲು ಸಾಮಾನ್ಯವಾಗಿ ಸಿಗುತ್ತದೆ. ನಮ್ಮಲ್ಲಿ ಇಲ್ಲ. 2013ರ ಕಂಪನಿ ಕಾಯ್ದೆಯ ನಮೂನೆಯಲ್ಲಿ ಕಚ್ಚಾವಸ್ತು, ದಾಸ್ತಾನಿನ ಏರಿಳಿತ, ನೌಕರರ ವೆಚ್ಚ, ಸವಕಳಿ, ಇತರ ವೆಚ್ಚ ಎಂದು ಬಿಡಿಬಿಡಿಯಾಗಿ ಇರುತ್ತವೆ. ಯಾವುದನ್ನು ಕೂಡಬೇಕೆಂದು ನಾವೇ ತೀರ್ಮಾನಿಸಬೇಕು.

ಕಚ್ಚಾವಸ್ತುವಿನ ಸಾಲನ್ನಷ್ಟೇ ನೋಡಿದರೆ ಟಾಟಾದ್ದು ಬಹಳ ಅಗ್ಗದ ಉಕ್ಕು ಅನಿಸುತ್ತದೆ. ಗುಟ್ಟು ಗಣಿಯಲ್ಲಿದೆ. ಜಾರ್ಖಂಡ್‌ನ ನೋವಾಮುಂಡಿಯಲ್ಲಿ, ಒಡಿಶಾದ ಜೋಡಾದಲ್ಲಿ ಅದಕ್ಕೆ ಸ್ವಂತ ಗಣಿಗಳಿವೆ. ಅಲ್ಲಿನ ಅದಿರಿನ ಖರ್ಚು ಸಂಬಳವಾಗಿ, ರಾಯಲ್ಟಿಯಾಗಿ ಬೇರೆ ಸಾಲುಗಳಲ್ಲಿ ಹಂಚಿಹೋಗುತ್ತದೆ. ಜೆಎಸ್‌ಡಬ್ಲ್ಯು ಬಹುಕಾಲ ಅದಿರನ್ನು ಹೊರಗಿನಿಂದಲೇ ಕೊಳ್ಳುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕಾರ್ಖಾನೆ ಉತ್ಪಾದನೆ ತಗ್ಗಿಸಬೇಕಾಯಿತು. ನನ್ನಪ್ಪನ ಅದಿರು ಲಾರಿಯೂ ಮನೆ ಮುಂದೆ ತಿಂಗಳುಗಟ್ಟಲೆ ನಿಂತಿತ್ತು. 2020ರಲ್ಲಿ ಕಂಪನಿ ಒಡಿಶಾದ ನಾಲ್ಕು ಗಣಿಗಳನ್ನು ಹರಾಜಿನಲ್ಲಿ ಹಿಡಿಯಿತು, ಸರ್ಕಾರಕ್ಕೆ ಭಾರೀ ಪ್ರೀಮಿಯಂ ಒಪ್ಪಿಕೊಂಡು. ಆ ಹಣಕ್ಕೆ ಅದರ ಲೆಕ್ಕದಲ್ಲಿ ಪ್ರತ್ಯೇಕ ಸಾಲೇ ಇದೆ. ಹೀಗಾಗಿ ನಾನು ಎರಡೂ ಕಡೆ ರಾಯಲ್ಟಿ, ಪ್ರೀಮಿಯಂ, ಸಂಬಳ, ಇತರ ವೆಚ್ಚ ಎಲ್ಲವನ್ನೂ ಸೇರಿಸಿದೆ. ಅಂತರ ಕಿರಿದಾಯಿತು, ಆದರೆ ಹೋಗಲಿಲ್ಲ. ಅಂದಹಾಗೆ, ಸ್ಟ್ಯಾಂಡ್‌ಅಲೋನ್ ಲೆಕ್ಕವನ್ನೇ ತೆಗೆದುಕೊಳ್ಳಿ. ಕನ್ಸಾಲಿಡೇಟೆಡ್‌ನಲ್ಲಿ ಟಾಟಾದ ನೆದರ್ಲೆಂಡ್ಸ್, ಬ್ರಿಟನ್ ಘಟಕಗಳೂ ಬೆರೆತಿರುತ್ತವೆ.

2022–23ರಲ್ಲಿ ಮಾತ್ರ ಇಬ್ಬರ ಗೆರೆಯೂ ಮೇಲೇರುತ್ತದೆ. ಯುಕ್ರೇನ್ ಯುದ್ಧದ ಹೊತ್ತಿಗೆ ಕೋಕಿಂಗ್ ಕಲ್ಲಿದ್ದಲು ಟನ್ನಿಗೆ 600 ಡಾಲರ್ ದಾಟಿತ್ತು. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ ಶೇ 15 ಸುಂಕ ಹಾಕಿತು, ಉಕ್ಕಿನ ದರ ಬಿತ್ತು. ಖರ್ಚು ಒಂದು ಪೈಸೆ ಹೆಚ್ಚದಿದ್ದರೂ ಮಾರಾಟದ ದರ ಬಿದ್ದರೆ ಶೇಕಡಾವಾರು ಏರುತ್ತದೆ. ಆದ್ದರಿಂದ ಟನ್ನಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಂಡೆ.

ನನಗೆ ಕುತೂಹಲ ಇರುವುದು ಮುಂದಿನದರ ಬಗ್ಗೆ. 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ಟಾಟಾದ ಹಳೆಯ ಗಣಿ ಗುತ್ತಿಗೆಗಳು 2030ರ ಮಾರ್ಚ್ 31ಕ್ಕೆ ಮುಗಿಯುತ್ತವೆ, ಆಮೇಲೆ ಹರಾಜು. ಆಗ ಪ್ರೀಮಿಯಂ ಸಾಲು ಅಲ್ಲಿಯೂ ಕಾಣಿಸಿಕೊಳ್ಳಬಹುದು. ಮುಂದಿನ ವಾರ ನನಗೊಂದು ಸಂದರ್ಶನವಿದೆ. ಈ ಎಕ್ಸೆಲ್ ಹಾಳೆಯನ್ನೇ ಒಯ್ಯುತ್ತಿದ್ದೇನೆ.